ಹಂಪಮ್ಮ ಕೇಳಿದ ಪಾದ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಪುಣ್ಯ ಅನ್ನುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಬಸ್ಸಿಗೆ ಈ ಮಾತು ಹೊಂದುವುದಿಲ್ಲ. ಕೊಳಗಲ್ಲು ದಾಟಿದ್ದೇ ತಡ, ರಸ್ತೆ ಪಕ್ಕದ ಬಯಲಲ್ಲಿ ಮೆಣಸಿನಕಾಯಿ ಒಣಹಾಕಿರುತ್ತಾರೆ. ಗಾಳಿ ಒಂದು ಸಲ ನಮ್ಮ ಕಡೆ ತಿರುಗಿದರೆ ಸಾಕು, ಡ್ರೈವರನಿಂದ ಹಿಡಿದು ಹಿಂದಿನ ಸೀಟಿನ ಕೂಸಿನ ತನಕ ಎಲ್ಲರೂ ಸೀನುತ್ತಾರೆ. ಹೋದ ವಾರ ಅಪ್ಪಾಜಿಯನ್ನು ನೋಡಲು ಹೋಗುವಾಗ ನಾನೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕಣ್ಣೀರು ಸುರಿಸುತ್ತ ಕೂತಿದ್ದೆ. ಪಕ್ಕದ ಹೆಂಗಸು ನನ್ನನ್ನು ನೋಡಿ, "ಕಿಟಕಿ ಹಾಕಿಬಿಡ್ರಿ, ಯಾಕ ಸುಮ್ನ ತ್ರಾಸು ಮಾಡ್ಕೊಂತೀರಿ" ಅಂದಳು. ನಾನು ಹಾಕಲಿಲ್ಲ. ಆ ಘಾಟು ನನಗೆ ಬೇಕಾಗಿತ್ತು. ಒಂದು ವರ್ಷ ಸಂಕ್ರಾಂತಿಯಿಂದ ಯುಗಾದಿಯ ತನಕ ನಾನು ಆ ಘಾಟಿನಲ್ಲೇ ಉಂಡು ಮಲಗಿ ಎದ್ದಿದ್ದೇನೆ, ಆ ದಿನಗಳು ನನಗೆ ಕೊಟ್ಟದ್ದನ್ನು ಆಮೇಲಿನ ಯಾವ ವರ್ಷವೂ ಕೊಟ್ಟಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನೂ ನನ್ನ ಗೆಳತಿ ಷಾಹೀನಾಳೂ ಸೇರಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತೇವೆ. ಆಗಲೂ ಅದೇ ಕೆಲಸ. ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಪ್ಪಾಜಿ ತಮ್ಮ ಮೊಪೆಡ್ಡಿನ ಸಮೇತ ಕಾಲುವೆ ದಂಡೆಯಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದ ಡಾಕ್ಟರು ಯುಗಾದಿಯ ತನಕ ಆ ಕಾಲು ನೆಲಕ್ಕೆ ಊರಬಾರದು ಅಂದುಬಿಟ್ಟರು. ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಒಬ್ಬಳೇ ಮಗಳು. ಒಂದು ಹೊಲಿಗೆ ಮಿಷಿನ್ನನ್ನು ಟೆಂಪೋದಲ್ಲಿ ಹೇರಿಕೊಂಡು ಕುರುಗೋಡಿಗೆ ಬಂದೆ. ಷಾಹೀನಾ ಕತ್ತರಿಸಿದ ಬಟ್ಟೆಯನ್ನು ಬಸ್ಸಿಗೆ ಹಾಕಿ ಕಳಿಸುವುದು, ನಾನು ಹೊಲಿದು ಬಸ್ಸಿಗೇ ಹಾಕಿ ವಾಪಸು ಕಳಿಸುವುದು ಅಂತ ಮಾತಾಯಿತು. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿರುವ ನಮ್ಮ ಮನೆಯವರು, "ಹೋಗಿ ಬಾ, ಅನ್ನ ಸಾರು ಮಾಡ್ಕೊಳ್ಳಾಕ ನನಗ ಬರತೈತಿ" ಅಂದರು. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ನಮ್ಮದು ಜಂಗಮರ ಮನೆ. ಕುರುಗೋಡಿನ ಗುಡ್ಡದ ಕೆಳಗಿನ ಎರಡು ಓಣಿಗಳಿಗೆ ಮುತ್ತಜ್ಜನ ಕಾಲದಿಂದ ನಮ್ಮ ಮನೆಯವರೇ ಅಯ್ಯನವರು. ಕೂಸು ಹುಟ್ಟಿದರೆ ಲಿಂಗ ಕಟ್ಟಲು, ಮದುವೆಯಾದರೆ ಅಕ್ಷತೆಗೆ, ಯಾರಾದರೂ ತೀರಿಕೊಂಡರೆ ಪಾದಕ್ಕೆ ನಮ್ಮ ಮನೆಗೇ ಕರೆ ಬರುತ್ತದೆ. ಪಾದ ಅಂದರೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಸತ್ತವರ ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಅಯ್ಯನವರು ಬಂದು ಆ ತಲೆಯ ಮೇಲೆ ತಮ್ಮ ಬಲಗಾಲಿಟ್ಟು ಮಂತ್ರ ಹೇಳುತ್ತಾರೆ. ಅದಾಗದೆ ಹೆಣ ಹೊರಡುವುದಿಲ್ಲ. ಸತ್ತವರ ತಲೆಗೆ ಕಾಲು ಮುಟ್ಟಿಸುವುದೇ ಅಂತ ಕೇಳುವವರಿದ್ದಾರೆ, ಚಿಕ್ಕಂದಿನಲ್ಲಿ ನಾನೂ ಕೇಳಿದ್ದೇನೆ. ನಮ್ಮ ಓಣಿಯ ಮುದುಕಿಯರು ಮಾತ್ರ ಬದುಕಿದ್ದಾಗಲೇ ಅದರ ಚಿಂತೆ ಮಾಡುತ್ತಾರೆ. ದೂರದ ಊರಿಗೆ ಹೊರಟವರು ಬಸ್ಸಿನ ಸೀಟಿನ ಚಿಂತೆ ಮಾಡುವ ಹಾಗೆ.

ಅಪ್ಪಾಜಿಯನ್ನು ಹಳಬರು ಅಯ್ಯನೋರು ಅನ್ನುತ್ತಾರೆ. ಹೊಸ ಹುಡುಗರ ಬಾಯಲ್ಲಿ ಅವರು ಸ್ವಾಮೇರು. ಮೆಣಸಿನಕಾಯಿ ಬಿಡಿಸಲು ಆಂಧ್ರದ ಕಡೆಯಿಂದ ಬರುವ ಕೂಲಿಯವರಿಗೆ ಅಯ್ಯವಾರು. ಮದುವೆ ಕಾರ್ಡಿನಲ್ಲಾದರೆ ಹೆಸರಿನ ಮುಂದೆ ವೇ. ಮೂ., ಅಂದರೆ ವೇದಮೂರ್ತಿ, ಅಂತ ಕೂತಿರುತ್ತದೆ, ಅದನ್ನು ನೋಡಿ ಅಪ್ಪಾಜಿಯೇ ನಗುತ್ತಾರೆ. ಮಠದ ದೊಡ್ಡವರಿಗೆ ಬುದ್ಧಿ, ಅಜ್ಜಾರು. ಮೈಮೇಲಿನ ಬಟ್ಟೆಯ ಹಂಗೂ ಇಲ್ಲದೆ ಊರೂರು ತಿರುಗಿ ಕೊನೆಗೆ ಒಂದು ಮರದ ಕೆಳಗೆ ಕೂತುಬಿಡುವ ಅವಧೂತರಿಗೆ ನಮ್ಮ ಬಳ್ಳಾರಿ ಕಡೆ ತಾತ ಅನ್ನುತ್ತಾರೆ. ನಮ್ಮ ಘಟಕದ ಹಿಂದಿನ ಚರ್ಚಿನವರು ಫಾದರ್. ಮಿಷಿನ್ ಮುಂದೆ ಕೂತು ಯೋಚನೆ ಮಾಡಿದಾಗ ನನಗೆ ಕಂಡದ್ದು ಇಷ್ಟು: ಇವುಗಳಲ್ಲಿ ಹೆಚ್ಚಿನವು ಮನೆಯೊಳಗಿನ ಹೆಸರುಗಳೇ. ಅಯ್ಯ, ಅಪ್ಪ, ಅಜ್ಜ, ತಾತ. ದೇವರಿಗೆ ಹತ್ತಿರದವರನ್ನು ಏನಂತ ಕರೆಯಬೇಕು ಅಂತ ಹುಡುಕಿದ ಮಂದಿ ಬಹಳ ದೂರ ಹೋಗಲಿಲ್ಲ, ಪಡಸಾಲೆಯಲ್ಲಿ ಕೂತ ಹಿರಿಯರನ್ನೇ ತೋರಿಸಿದರು. ಅಡುಗೆಮನೆಯ ತನಕ ಮಾತ್ರ ಯಾರೂ ಬರಲಿಲ್ಲ.

ಅವ್ವನನ್ನು ಅಮ್ಮನೋರು ಅನ್ನುತ್ತಿದ್ದರು, ನಿಜ. ಅದು ಅಯ್ಯನವರ ಹೆಂಡತಿ ಅನ್ನುವ ಅರ್ಥಕ್ಕೆ. ಜಂಗಮರ ಮನೆಯಲ್ಲಿ ಮೂಗು ಸೋರುವ ಗಂಡುಹುಡುಗನಿದ್ದರೂ ಅವನು ಮರಿ ಅಯ್ಯನೋರು, ಹಲ್ಲು ಬಿದ್ದ ಮುದುಕರು ಅವನಿಗೆ ಕೈ ಮುಗಿಯುತ್ತಾರೆ. ಸಿರುಗುಪ್ಪದ ನಮ್ಮ ಚಿಗಪ್ಪನ ಮಗನಿಗೆ ಹಾಗೆ ಮುಗಿಯುವುದನ್ನು ನೋಡಿ ನಾನು ಹೊಟ್ಟೆ ಉರಿದುಕೊಂಡಿದ್ದೇನೆ. ನಾನು ಬರೀ ಅಯ್ಯನೋರ ಹುಡುಗಿ. ಪೊರಕೆ ಎಲ್ಲಿಟ್ಟೀಯವ್ವಾ ಅಂತ ಕೇಳಲು ಆ ಹೆಸರು ಸಾಕಾಗಿತ್ತು.

ಆ ವರ್ಷ ಮಂಚದ ಮೇಲೆ ಮಲಗಿದ ಅಪ್ಪಾಜಿಗೆ ಕಾಲಿನ ನೋವಿಗಿಂತ ಸೋಮವಾರದ ನೋವು ಹೆಚ್ಚಾಗಿತ್ತು. ಸೋಮವಾರ ಬಂತೆಂದರೆ ಅವರು ಓಣಿಯ ಮನೆಮನೆಗೆ ಹೋಗಿ ವಿಭೂತಿ, ಬಿಲ್ವಪತ್ರೆ ಕೊಟ್ಟು, ಮಾತಾಡಿಸಿ ಬರುವ ರೂಢಿ. ಮದುವೆ, ಗೃಹಪ್ರವೇಶ ಇದ್ದರೆ ಸಿರುಗುಪ್ಪದಿಂದ ಚಿಗಪ್ಪ ಬಂದು ಮಾಡಿಕೊಟ್ಟು ಹೋಗುತ್ತಿದ್ದ. ಅವನನ್ನು ಎಲ್ಲರೂ ಶಾಸ್ತ್ರಿಗಳು ಅನ್ನುತ್ತಾರೆ, ಕಾರಿನಲ್ಲಿ ಓಡಾಡುತ್ತಾನೆ, ನಗಿಸುತ್ತಾನೆ, ಒಳ್ಳೆಯವನು. ಆದರೆ ಸೋಮವಾರದ ವಿಭೂತಿಗೆ ಸಿರುಗುಪ್ಪದಿಂದ ಯಾರು ಬರುತ್ತಾರೆ?

"ನಾ ಕೊಟ್ಟು ಬರ್ತೀನಿ ಬಿಡ್ರಿ ಅಪ್ಪಾಜಿ," ಅಂದೆ ಒಂದು ಸೋಮವಾರ. ಅವರು ಮೇಲಿನ ತೊಲೆ ನೋಡಿದರು, ಗೂಟಕ್ಕೆ ತೂಗುಹಾಕಿದ್ದ ಜೋಳಿಗೆ ನೋಡಿದರು.

"ಬಾಗಲಾಗ ನಿಂತು ಕೊಟ್ಟು ಬಾ," ಅಂದರು ಕೊನೆಗೆ. "ಒಳಗ ಹೋಗಿ ಕುಂದರಬ್ಯಾಡ."

ಹೀಗೆ ನಾನು ಅಪ್ಪಾಜಿಯ ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೊರಟೆ. ವಿಭೂತಿ ಈಸಿಕೊಳ್ಳಲು ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಕರೆಯುವುದರಲ್ಲಿ. ಅಯ್ಯನೋರು ಬಂದ್ರು ಅಂತ ಕೂಗಿ ಅಭ್ಯಾಸವಾದ ಬಾಯಿಗಳು ನನ್ನನ್ನು ನೋಡಿ ಅರ್ಧಕ್ಕೆ ನಿಲ್ಲುತ್ತಿದ್ದವು. ಒಬ್ಬಳು ಅಕ್ಕಾರ ಅಂದಳು. ಒಬ್ಬ ಹುಡುಗ ಮೇಡಂ ಅಂದ. ನನ್ನಿಂದ ಜಂಪರು ಹೊಲಿಸಿಕೊಂಡಿದ್ದವಳೊಬ್ಬಳು ಟೇಲರಮ್ಮ ಬಂದಾಳ ನೋಡ್ರಿ ಅಂತ ಒಳಗೆ ಸುದ್ದಿ ಮುಟ್ಟಿಸಿದಳು. ಎಲ್ಲರಿಗಿಂತ ಕಷ್ಟಕ್ಕೆ ಬಿದ್ದವನು ದೊಡ್ಡಬಸಪ್ಪ. ಓಣಿಯ ಕೊನೆಯ ಮನೆಯವನು, ನನಗಿಂತ ಬಹಳ ದೊಡ್ಡವನು, ಸಂಕೋಚದ ಮನುಷ್ಯ. ನನ್ನ ಜೊತೆ ಮಾತಾಡುವ ಮೊದಲು ಅವನು ಕೆಮ್ಮುತ್ತಿದ್ದ. ಯಾವ ಹೆಸರೂ ಸರಿಕಾಣದೆ, ಆ ಕೆಮ್ಮನ್ನೇ ನನ್ನ ಹೆಸರು ಮಾಡಿಕೊಂಡಿದ್ದ.

ಅವನ ತಾಯಿ ಹಂಪಮ್ಮ. ಎಂಬತ್ತು ದಾಟಿದ ಮುದುಕಿ, ಅಂಗಳದಲ್ಲಿ ಕಾಲು ಚಾಚಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ಆ ಮೊದಲ ಸೋಮವಾರ ನಾನು ವಿಭೂತಿ ತೆಗೆಯುತ್ತಿದ್ದ ಹಾಗೇ ಅವಳು ಕೈ ಒರೆಸಿಕೊಂಡು ಎದ್ದಳು. ಹಿರಿಯಳು ಎದ್ದು ಬಂದಳಲ್ಲ ಅಂತ ನಾನು ಅವಳ ಕಾಲಿಗೆ ಬಗ್ಗಿದೆ. ವಿಭೂತಿ ತಂದವರ ಕಾಲಿಗೆ ಬೀಳುವುದು ಆ ಮನೆಯ ರೂಢಿಯಾದ್ದರಿಂದ ಅವಳೂ ಅದೇ ಹೊತ್ತಿಗೆ ನನ್ನ ಕಾಲಿಗೆ ಬಗ್ಗಿದಳು. ಇಬ್ಬರ ತಲೆಗಳೂ ಢಬ್ಬಂತ ಬಡಿದವು. ವಿಭೂತಿ ಉಂಡೆ ಮೆಣಸಿನಕಾಯಿಯ ರಾಶಿಯಲ್ಲಿ ಬಿತ್ತು. ಅಂಗಳದ ಹೆಂಗಸರು ಬಿದ್ದು ಬಿದ್ದು ನಕ್ಕರು.

ಹಂಪಮ್ಮ ನಗಲಿಲ್ಲ. ಹಣೆ ತಿಕ್ಕಿಕೊಳ್ಳುತ್ತ, "ನೀನ ಬಗ್ಗಿದ್ರ ನಾ ಯಾರಿಗೆ ಬಗ್ಗಲೆವ್ವ?" ಅಂದಳು.

"ನೀವು ಹಿರ್ಯಾರು," ಅಂದೆ.

"ನಾ ಹಿರ್ಯಾಕಿ ಅಂತ ನನಗೂ ಗೊತ್ತೈತಿ. ನಾ ಬಗ್ಗೂದು ನಿನಗಲ್ಲ, ನಿನ್ನ ಹೆಗಲ ಮ್ಯಾಲಿನ ಜೋಳಿಗಿಗೆ. ಅದನ್ನ ಹೊತ್ತಾಗ ನೆಟ್ಟಗ ನಿಂದ್ರಬೇಕು. ಬಗ್ಗೋರಿಗೆ ಬಗ್ಗಾಕ ಬಿಡಬೇಕು."

ಅಯ್ಯನವರು ಭಕ್ತರಿಗೆ ಬಗ್ಗಬಾರದು ಅಂತ ನನಗೆ ತಿಳಿಯದ ಸಂಗತಿಯೇನಲ್ಲ. ನಾನು ಅಯ್ಯನವರಲ್ಲವಲ್ಲ ಅಂದುಕೊಂಡು ಬಗ್ಗಿದ್ದೆ. ಅವಳು ಅಷ್ಟು ಸರಾಗವಾಗಿ ನನ್ನನ್ನು ಆಚೆ ದಡಕ್ಕೆ ದಾಟಿಸಿಬಿಟ್ಟಿದ್ದಳು. ಮನೆಗೆ ಬಂದು ಅಪ್ಪಾಜಿಗೆ ಹೇಳಿದರೆ ಅವರು ನಕ್ಕು ನಕ್ಕು ಆಪರೇಷನ್ನಿನ ಹೊಲಿಗೆ ನೋಯಿಸಿಕೊಂಡರು.

ಆಮೇಲೆ ನಾನು ಓಣಿಯ ಸುತ್ತು ಮುಗಿಸಿ ಹಂಪಮ್ಮನ ಮನೆಗೆ ಕೊನೆಗೆ ಹೋಗುವುದು, ಅಪ್ಪಾಜಿಯ ಮಾತು ಮೀರಿ ಅಂಗಳದಲ್ಲಿ ಕೂರುವುದು ರೂಢಿಯಾಯಿತು. ಅವಳ ಜೊತೆ ನಾನೂ ತೊಟ್ಟು ಬಿಡಿಸುತ್ತಿದ್ದೆ. ಕೈ ಉರಿಯುತ್ತಿತ್ತು, ಮಾತು ಸಾಗುತ್ತಿತ್ತು. ಅವಳ ಗಂಡ ತೀರಿಕೊಂಡಾಗ, ಮಗಳು ತೀರಿಕೊಂಡಾಗ ಪಾದ ಇಟ್ಟದ್ದು ಅಪ್ಪಾಜಿಯೇ. ತನ್ನ ಸರದಿಯ ಮಾತನ್ನೂ ಅವಳು ಹಬ್ಬದ ಅಡುಗೆಯ ಮಾತಿನಷ್ಟು ಸಲೀಸಾಗಿ ಆಡುತ್ತಿದ್ದಳು. "ಯುಗಾದಿಗೆ ಅಯ್ಯನೋರು ಏಳ್ತಾರಲ್ಲ, ಅಲ್ಲೀತನ ಜೀವ ಗಟ್ಟಿ ಹಿಡಕೊಂಡಿರ್ತೀನಿ," ಅನ್ನುವಳು.

ಜೀವ ಯಾರ ಮಾತು ಕೇಳುತ್ತದೆ? ಶಿವರಾತ್ರಿ ಕಳೆಯಿತು, ಶಿವ ಶಿವಾ ಅಂತ ಚಳಿ ಹೋಗಿ ಬಿಸಿಲು ಬಂತು. ಬಳ್ಳಾರಿಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗುಡ್ಡದ ಬಂಡೆಗಳು ಸಂಜೆಯಾದರೂ ಕಾವು ಬಿಡುತ್ತಿರಲಿಲ್ಲ. ಹಂಪಮ್ಮ ಊಟ ಬಿಟ್ಟಳು. ಗಂಜಿ ಕುಡಿದರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಅಂದು ಹೋದರು.

ಆ ಸೋಮವಾರ ಅವಳ ಪಕ್ಕ ಕೂತು ಹಣೆಗೆ ವಿಭೂತಿ ಹಚ್ಚಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ದೊಡ್ಡಬಸಪ್ಪ ಕಾಲ ಬುಡದಲ್ಲಿ ನಿಂತಿದ್ದ.

"ಗಂಗವ್ವಾ, ಅಯ್ಯನೋರು ಏಳೂತನ ನಾ ಇರಾಂಗಿಲ್ಲ. ಪಾದ ನೀನ ಇಡಬೇಕು."

"ಸಿರುಗುಪ್ಪದ ಶಾಸ್ತ್ರಿಗಳು ಬರ್ತಾರ," ಅಂದೆ.

"ಆತ ನನಗ ಗುರ್ತಿಲ್ಲ. ಗುರ್ತಿಲ್ಲದ ಕಾಲು ಯಾಕ ಹೊರಲಿ ತಲಿಮ್ಯಾಲ?"

"ನನ್ನದು ಮಿಷಿನ್ ತುಳಿಯೋ ಕಾಲ್ರಿ, ಅಮ್ಮ. ದಿನಾ ಜೀನ್ಸ್ ಹೊಲಿದು ಹೊಲಿದು ಆಣಿ ಆಗೈತಿ."

"ಎತ್ತಿನ ಕಾಲಿಗೂ ಸಗಣಿ ಹತ್ತಿರತೈತಿ. ಕಾರಹುಣ್ಣಿಮಿಗೆ ಪೂಜಿ ಮಾಡೂದಿಲ್ಲೇನು?"

ದೊಡ್ಡಬಸಪ್ಪ ಕೆಮ್ಮಿದ. "ಅವ್ವಾ, ಮಂದಿ ಏನಂದಾರು? ಮತ್ತ ಇವರನ್ನ ಏನಂತ ಕರಿಯೋದು ಆವಾಗ?"

ಹಂಪಮ್ಮ ಮಗನ ಕಡೆ ತಿರುಗಿದಳು. "ನೀ ಹುಟ್ಟಿದಾಗ ನನ್ನ ಏನಂತ ಕರದಿದ್ದಿ? ಸುಮ್ನ ಅಳ್ತಿದ್ದಿ. ನಾ ಬರ್ತಿದ್ನಿಲ್ಲೋ? ಹೆಸರು ಆಮ್ಯಾಲ ಬಂತು." ಅಷ್ಟು ಮಾತಿಗೇ ದಣಿದು ಕಣ್ಣು ಮುಚ್ಚಿದಳು.

ಮನೆಗೆ ಬಂದು ಅಪ್ಪಾಜಿಗೆ ಹೇಳಿದೆ. ಅವರು ಒಂದೇ ಮಾತಿನಲ್ಲಿ ಬೇಡ ಅಂದರು.

"ಬಾಗಲಾಗ ವಿಭೂತಿ ಕೊಟ್ಟಿ, ಮಂದಿ ಸುಮ್ನಿದ್ರು. ಪಾದ ಅಂದ್ರ ಸುಮ್ನಿರಾಂಗಿಲ್ಲ. ಒಂದು ಮನಿಯವರು ಇವರ ಸಹವಾಸ ಬ್ಯಾಡ ಅಂದ್ರ ಹತ್ತು ಮನಿ ಅಂತಾವು. ನಮ್ಮ ಮುತ್ಯಾನ ಕಾಲದ್ದು ಗಂಗೀ, ಈ ಓಣಿ. ನನ್ನ ಕೈಯಾಗ ಬಿಟ್ಟುಹೋಗಬಾರ್ದು."

ಅದು ಅವರ ಭಯ. ನನ್ನ ಭಯ ಬೇರೆ. ಹಂಪಮ್ಮ ಕೇಳಿದ್ದನ್ನು ಕೊಡದೆ ಕಳಿಸಿದರೆ ಆ ಅಂಗಳಕ್ಕೆ ಮತ್ತೆ ಯಾವ ಮುಖ ಹೊತ್ತು ಹೋಗಲಿ ಅಂತ. ಸಿಟ್ಟಿನಿಂದ ಮಿಷಿನ್ ತುಳಿದೆ, ಒಂದು ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟೆ. ಷಾಹೀನಾಳಿಗೆ ಫೋನ್ ಮಾಡಿ ಗೋಳು ಹೇಳಿಕೊಂಡಾಗ ಅವಳು, "ನಮ್ಮಲ್ಲಿ ಹೆಂಗಸು ಸತ್ರ ಮೈತೊಳಿಯೋರು ಹೆಂಗಸ್ರ. ಮೌಲ್ವಿ ಸಾಬ್ರು ಹೊರಗ ನಿಂತಿರ್ತಾರ. ನಿಮ್ಮ ಮುದುಕಿ ಕೇಳಿದ್ರಾಗ ತಪ್ಪೇನೈತಿ ಅಕ್ಕಾ?" ಅಂದಳು. ಆಮೇಲೆ, "ಆ ಪ್ಯಾಂಟು ಬಿಚ್ಚಿ ಹೊಲಿ, ಮತ್ತ," ಅಂತ ಸೇರಿಸಿದಳು. ಚಿಗಪ್ಪನಿಗೂ ಸುದ್ದಿ ಮುಟ್ಟಿತ್ತು. "ಲೇ ಗಂಗೀ, ನಿನ್ನ ಕಾಲು ಬಿ‌ತ್ತಂದ್ರ ಸತ್ತಾಕಿ ಎದ್ದು ಓಡಿಹೋಗ್ತಾಳ ನೋಡು," ಅಂತ ಫೋನಿನಲ್ಲಿ ನಕ್ಕ. ನನಗೆ ನಗು ಬರಲಿಲ್ಲ.

ಮರುದಿನ ಸಂಜೆ ಅಪ್ಪಾಜಿಗೆ ಊಟ ಕೊಟ್ಟು ಎದ್ದೇಳುತ್ತಿದ್ದೆ. "ಕುಂದರು," ಅಂದರು. ತಟ್ಟೆ ಮುಟ್ಟಲಿಲ್ಲ.

"ನನ್ನ ಮೊದಲನೇ ಪಾದ ಯಾರದು ಗೊತ್ತೇನು? ಹಂಪಮ್ಮನ ಮಾವಂದು. ನಮ್ಮಪ್ಪಾರಿಗೆ ಜ್ವರ, ಏಳಾಕ ಆಗವಲ್ದು. ನನಗಿನ್ನೂ ಮೀಸಿ ಬಂದಿದ್ದಿಲ್ಲ. ಆ ಮುದುಕ ನನ್ನನ್ನ ಹೆಗಲ ಮ್ಯಾಲ ಹೊತ್ತು ಆಡಿಸಿದಾತ. ಆತನ ತಲಿಮ್ಯಾಲ ಕಾಲು ಇಡು ಅಂದ್ರು. ಕಾಲು ಎತ್ತಿದೆ, ನಡುಗಾಕತ್ತಿತು. ಇಳಿಸಾಕೂ ಆಗವಲ್ದು, ಇಡಾಕೂ ಆಗವಲ್ದು. ಎಲ್ಲಾರೂ ನೋಡಾಕತ್ತಾರ. ಹಂಪಮ್ಮ ಆಗ ಆ ಮನಿಗೆ ಸೊಸಿಯಾಗಿ ಬಂದು ಭಾಳ ದಿನ ಆಗಿದ್ದಿಲ್ಲ. ಗಂಡಸ್ರ ನಡಕ ಬಂದು ಕುಂತು ನನ್ನ ಹಿಮ್ಮಡಿ ಹಿಡಕೊಂಡಳು. ಹಿಡಕೊಂಡ ಇದ್ಲು, ಮಂತ್ರ ಮುಗಿಯೂತನ."

ಅಪ್ಪಾಜಿಯ ಕಣ್ಣು ತುಂಬಿತ್ತು. ತಪ್ಪನ್ನು ಒಣಮೆಣಸಿನಕಾಯಿಯ ಘಾಟಿನ ಮೇಲೆ ಹಾಕುವಂತಿರಲಿಲ್ಲ, ಆ ಹೊತ್ತು ಗಾಳಿ ಇರಲಿಲ್ಲ.

"ಅವತ್ತು ಆಕಿ ಹಿಡೀದಿದ್ರ ನಾ ಅಯ್ಯನೋರು ಆಗ್ತಿದ್ದಿಲ್ಲ. ಓಡಿಹೋಗ್ತಿದ್ದೆ." ಕಣ್ಣೊರೆಸಿಕೊಂಡು ಕೇಳಿದರು, "ಮಂತ್ರ ಬರತೈತೇನು ನಿನಗ?"

ಅವರು ನನಗೆ ಯಾವತ್ತೂ ಕಲಿಸಿರಲಿಲ್ಲ. ನಾನು ಹೇಳಲು ಶುರು ಮಾಡಿದೆ. ಹುಟ್ಟಿದಾಗಿನಿಂದ ಅಡುಗೆಮನೆಯ ಗೋಡೆಯ ಆಚೆ ಕೂತು ಕೇಳಿದ್ದು, ಅವ್ವ ರೊಟ್ಟಿ ಬಡಿಯುವ ಸಪ್ಪಳದ ಜೊತೆಗೇ ತಲೆಯೊಳಗೆ ಇಳಿದದ್ದು, ಒಂದಕ್ಷರ ತಪ್ಪದೆ ಬಂತು. ಅಪ್ಪಾಜಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಉಸಿರು ಭಾಳ ಲಗೂ ಬಿಡ್ತಿ," ಅಂದರು. "ಸಾವಕಾಶ ಹೇಳು. ಆಕಿಗೆ ಎಲ್ಲಿಗೂ ಅವಸರ ಇರಾಂಗಿಲ್ಲ." ಆಮೇಲೆ ತಟ್ಟೆ ಎಳೆದುಕೊಂಡು ಉಂಡರು. ಅಷ್ಟೇ ಅವರ ಒಪ್ಪಿಗೆ.

ಯುಗಾದಿಯ ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಗ್ಗೆ ದೊಡ್ಡಬಸಪ್ಪ ನಮ್ಮ ಬಾಗಿಲಲ್ಲಿ ನಿಂತು ಕೆಮ್ಮಿದ. ಕೆಮ್ಮಿನಲ್ಲೇ ತಿಳಿಯಿತು. ನಾನು ತಲೆಗೆ ನೀರು ಹಾಕಿಕೊಂಡು, ಅವ್ವನ ಇಳಕಲ್ ಸೀರೆ ಉಟ್ಟು, ಜೋಳಿಗೆ ಹಾಕಿಕೊಂಡೆ. ಅಪ್ಪಾಜಿ ಮಂಚದ ಮೇಲೆ ಎದ್ದು ಕೂತಿದ್ದರು. ಕಾಲಿಗೆ ಬೀಳಲು ಹೋದೆ, ಕೈ ಅಡ್ಡ ಹಿಡಿದರು.

ಹಂಪಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ, ತೋಳು, ಎದೆಯ ಮೇಲೆ ವಿಭೂತಿ, ಕೊರಳಲ್ಲಿ ಚೆಂಡು ಹೂವಿನ ಹಾರ. ಊರ ಭಜನೆಯವರು ಒಂದು ಕಡೆ ಕೂತಿದ್ದರು. ಅಂಗಳದ ಮೆಣಸಿನಕಾಯಿಯನ್ನು ಅವಸರದಲ್ಲಿ ಮೂಲೆಗೆ ಗುಡ್ಡೆ ಹಾಕಿದ್ದರಿಂದ ಘಾಟು ಎದ್ದು ಮನೆ ತುಂಬಿತ್ತು. ಅಳುವವರು ಯಾರು, ಸೀನುವವರು ಯಾರು ತಿಳಿಯುತ್ತಿರಲಿಲ್ಲ. ನನ್ನನ್ನು ನೋಡಿ ಭಜನೆ ನಿಂತಿತು. "ಸಿರುಗುಪ್ಪದೋರು ದಾರ್ಯಾಗ ಅದಾರಂತ, ಕಾಯೋಣು," ಅಂದರು ಓಣಿಯ ಹಿರಿಯರೊಬ್ಬರು, ನನ್ನ ಮುಖ ನೋಡದೆ. ಹೌದು ಹೌದು ಅಂತ ಒಂದೆರಡು ದನಿ ಕೂಡಿದವು.

ನಮ್ಮ ಪದ್ಧತಿಯಲ್ಲಿ ಮನೆಯ ಯಜಮಾನ ಕೈಮುಗಿದು, ಅಯ್ಯನೋರ ಪಾದ ದಯಪಾಲಿಸ್ರಿ ಅಂತ ಕೇಳಬೇಕು. ಕೇಳದೆ ಇಡುವಂತಿಲ್ಲ. ನಾನು ಕಂಬದ ಪಕ್ಕ ನಿಂತೆ. ದೊಡ್ಡಬಸಪ್ಪ ಮುಂದೆ ಬಂದ, ಕೈ ಮುಗಿದ, ಕೆಮ್ಮಿದ. ಮತ್ತೆ ಕೆಮ್ಮಿದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು, ಇವನು ಏನಂತ ಕರೆಯುತ್ತಾನೆ ಅಂತ. ನಾನೂ ಅದನ್ನೇ ನೋಡುತ್ತಿದ್ದೆ. ಅವನು ತಾಯಿಯ ಕಡೆ ತಿರುಗಿದ, ನನ್ನ ಕಡೆ ತಿರುಗಿದ.

"ನಮ್ಮವ್ವ ನಿಮ್ಮನ್ನ ಕರದಾಳ," ಅಂದ. "ಬರ್ರಿ."

ಹಿರಿಯರು ಸರಿದು ದಾರಿ ಬಿಟ್ಟರು. ಸತ್ತವಳು ಕರೆದದ್ದನ್ನು ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ದೊಡ್ಡಬಸಪ್ಪನ ಹೆಂಡತಿ ನನ್ನ ಬಲಗಾಲು ತೊಳೆದಳು, ಹೂವಿಟ್ಟಳು. ಗೋಡೆ ಹಿಡಿದು ಕಾಲೆತ್ತಿದೆ. ತೂಕ ಬೀಳಬಾರದು, ಹೂವು ತಾಕುವಷ್ಟೇ ತಾಕಬೇಕು. ಹಂಪಮ್ಮನ ಬೆಳ್ಳಿಕೂದಲ ಬೈತಲೆಯನ್ನು ಸೊಸೆ ನೀಟಾಗಿ ತೆಗೆದಿದ್ದಳು. ಅದನ್ನು ನೋಡಿದೆ ನೋಡಿ, ಕಾಲು ನಡುಗತೊಡಗಿತು. ದಿನಕ್ಕೆ ರಾಶಿ ರಾಶಿ ಬಟ್ಟೆ ಹೊಲಿಯುವ ಕಾಲು, ಗಾಳಿಯಲ್ಲಿ ಎಲೆಯ ಹಾಗೆ ನಡುಗಿತು. ಇಳಿಸಲೂ ಆಗದು, ಇಡಲೂ ಆಗದು. ಹಿಂದೆ ಯಾರೋ ನಾಲಿಗೆ ಲೊಚಗುಟ್ಟಿದರು.

ಆಗ ನನ್ನ ಹಿಮ್ಮಡಿಯನ್ನು ಒಂದು ಕೈ ಹಿಡಿದುಕೊಂಡಿತು. ಒರಟು ಕೈ, ಮೆಣಸಿನಕಾಯಿಯ ಉರಿ ಇನ್ನೂ ಆರದ್ದು. ಕೆಳಗೆ ನೋಡಿದರೆ ದೊಡ್ಡಬಸಪ್ಪ ಮೊಳಕಾಲೂರಿ ಕೂತಿದ್ದ. ತಾಯಿ ಹೇಳಿದ್ದಳೋ, ತಾನಾಗಿ ತಿಳಿಯಿತೋ, ನಾನು ಇವತ್ತಿನ ತನಕ ಕೇಳಿಲ್ಲ. ಕಾಲು ನಿಂತಿತು. ಸಾವಕಾಶ, ಅಪ್ಪಾಜಿ ಹೇಳಿದಷ್ಟೇ ಸಾವಕಾಶ, ಮಂತ್ರ ಹೇಳಿದೆ. ಮುಗಿಯುವ ತನಕ ಅವನು ಕೈ ಬಿಡಲಿಲ್ಲ. ಮುಗಿದ ಮೇಲೆ ಭಜನೆಯವರು ತಾವಾಗಿಯೇ ತಾಳ ಎತ್ತಿಕೊಂಡರು. ಆ ತಾಳ ಕೇಳಿ ನನಗೆ ಅಳು ಬಂತು. ಅತ್ತೆ.

ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುವ ಹೊತ್ತಿಗೆ ಚಿಗಪ್ಪನ ಕಾರು ಬಂತು. ಒಳಗೆ ಬಂದವನೇ ಹೂವಿದ್ದ ತಲೆ ನೋಡಿದ, ನನ್ನನ್ನು ನೋಡಿದ. "ಪಾದ ಆತೇನು?" ಅಂದ. ಆತು ಅಂದೆ. ಹಿರಿಯರು ಅವನ ಕಿವಿಯಲ್ಲಿ ಏನೋ ಹೇಳಲು ಹೋದರು. "ಆತಂದ್ರ ಆತಲ್ಲ, ಮತ್ತೇನೈತಿ? ಮಣ್ಣು ಮಾಡೂದು ನಾ ನೋಡ್ಕೊಂತೀನಿ, ನಡೀರಿ," ಅಂದು ಎಲ್ಲರನ್ನೂ ಎಬ್ಬಿಸಿದ. ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ನಡೆದ. ಒಂದು ಚೇಷ್ಟೆಯ ಮಾತನ್ನೂ ಆಡಲಿಲ್ಲ, ಅದು ಅವನಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಅಪ್ಪಾಜಿ ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಎರಡು ಮನೆಯವರು ಆಮೇಲೆ ನಮ್ಮನ್ನು ಬಿಟ್ಟರು, ದಾರಿಯಲ್ಲಿ ಸಿಕ್ಕರೆ ಈಗಲೂ ಗೋಡೆ ನೋಡುತ್ತಾರೆ. ಉಳಿದ ಓಣಿ ಬಿಡಲಿಲ್ಲ. ಅಪ್ಪಾಜಿ ಈಗ ಕೋಲು ಹಿಡಿದು ತಾವೇ ಸುತ್ತಾಡುತ್ತಾರೆ, ಮದುವೆ, ಗೃಹಪ್ರವೇಶ ನೋಡಿಕೊಳ್ಳುತ್ತಾರೆ. ಓಣಿಯಲ್ಲಿ ಯಾರಾದರೂ ಅಜ್ಜಿ ಹಾಸಿಗೆ ಹಿಡಿದರೆ ನನ್ನ ಫೋನು ಬಡಿದುಕೊಳ್ಳುತ್ತದೆ. ಷಾಹೀನಾ ಮಿಷಿನ್ ನಿಲ್ಲಿಸಿ, "ಹೋಗು ಅಕ್ಕಾ, ಪ್ಯಾಂಟು ಎಲ್ಲಿಗೂ ಓಡಿ ಹೋಗಾಂಗಿಲ್ಲ," ಅನ್ನುತ್ತಾಳೆ. ಅಲ್ಲಿ ಮಂದಿ ಬಾಯಿಗೆ ಬಂದದ್ದು ಕರೆಯುತ್ತಾರೆ, ನಾನು ಓಗೊಡುತ್ತೇನೆ. ಹಂಪಮ್ಮ ಹೇಳಿದ್ದು ಸರಿ, ಅಳುವ ಕೂಸಿಗೆ ಹೆಸರು ಯಾಕೆ ಬೇಕು.

ಇದೆಲ್ಲ ಆಮೇಲಿನ ಮಾತು. ಅವತ್ತು ಮಣ್ಣು ಮುಗಿಸಿ ನಾನೊಬ್ಬಳೇ ಮನೆಗೆ ಬಂದೆ. ಬಿಸಿಲು ಇಳಿಯುತ್ತಿತ್ತು. ಮಣ್ಣಿನಿಂದ ಬಂದ ಅಯ್ಯನವರು ತಾವಾಗಿ ಒಳಗೆ ಕಾಲಿಡುವಂತಿಲ್ಲ, ಮನೆಯವರು ಹೊಸ್ತಿಲಲ್ಲಿ ನಿಂತು ಅವರ ಕಾಲಿಗೆ ನೀರು ಹಾಕಿ ಕರೆದುಕೊಳ್ಳಬೇಕು. ಅಪ್ಪಾಜಿ ಬಂದಾಗಲೆಲ್ಲ ಅವ್ವ ಹಾಕುತ್ತಿದ್ದಳು, ಅವಳು ಹೋದ ಮೇಲೆ ಅವರೇ ತಂಬಿಗೆಯನ್ನು ಹೊರಗಿಟ್ಟು ಹೋಗುತ್ತಿದ್ದರು. ನಾನು ಹೊರಡುವ ಅವಸರದಲ್ಲಿ ತಂಬಿಗೆ ಇಡಲು ಮರೆತಿದ್ದೆ. ಪಕ್ಕದ ಮನೆಯವರನ್ನು ಕೇಳಬೇಕು ಅಂದುಕೊಳ್ಳುತ್ತ ತಲೆ ಎತ್ತಿದರೆ ಹೊಸ್ತಿಲಲ್ಲಿ ಅಪ್ಪಾಜಿ ನಿಂತಿದ್ದರು.

ಆಸ್ಪತ್ರೆಯವರು ಕೊಟ್ಟ ವಾಕರ್ ಹಿಡಿದು, ಮುರಿದ ಕಾಲನ್ನು ನೆಲಕ್ಕೆ ತಾಕಿಸದೆ ಒಂಟಿ ಕಾಲಲ್ಲಿ ನಿಂತಿದ್ದರು. ವಾಕರಿನ ಕಂಬಿಗೆ ಟವೆಲ್ಲಿನಿಂದ ಒಂದು ತಂಬಿಗೆ ಕಟ್ಟಿದ್ದರು. ನೀರು ಅರ್ಧಕ್ಕರ್ಧ ತುಳುಕಿ ಹೋಗಿತ್ತು. ಅವರ ಹಿಂದೆ, ಹೊಸ್ತಿಲಿನಿಂದ ಅಡುಗೆಮನೆಯ ತನಕ, ನೆಲದ ಮೇಲೆ ಒದ್ದೆಯ ಗೆರೆಯಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಹಣೆಯಲ್ಲಿ ಬೆವರಿತ್ತು.

ಬೈಯಬೇಕು ಅಂತ ಬಾಯಿ ತೆರೆದೆ. ಡಾಕ್ಟರು ಏನು ಹೇಳಿದ್ದರು, ಬಿದ್ದಿದ್ದರೆ ಏನು ಗತಿ ಅಂತ. ಅಪ್ಪಾಜಿ ಅಷ್ಟರಲ್ಲಿ ತಂಬಿಗೆ ಬಿಚ್ಚಿ ಕೈಗೆ ತೆಗೆದುಕೊಂಡಿದ್ದರು.

"ಬರ್ರಿ ಅಯ್ಯನೋರ," ಅಂದರು. "ಕಾಲು ಮುಂದ ಮಾಡ್ರಿ."

ಓಡಿಹೋಗಿ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಸೊಂಟ ಅರ್ಧ ಬಗ್ಗಿಯೂ ಆಗಿತ್ತು. ಹೆಗಲ ಮೇಲೆ ಜೋಳಿಗೆ ಜಾರಿ ಮುಂದೆ ಬಂತು, ಹಂಪಮ್ಮನ ಮಾತು ಅದರ ಜೊತೆಗೇ ಬಂತು. ಜೋಳಿಗೆಯನ್ನು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಆಣಿ ಎದ್ದ ಬಲಗಾಲನ್ನು ಅಪ್ಪನ ಮುಂದೆ ಇಟ್ಟೆ.